ಆಶ್ರಯ ಕೊಟ್ಟ ದೇಶದ ನೀತಿ ಹೇಗೆ ಬದಲಾಗುತ್ತದೆ? ಬೈಲಕುಪ್ಪೆಯನ್ನು ನೋಡಿ ಹೇಳುವುದಾದರೆ
ಆಶ್ರಯ ಕೊಟ್ಟ ದೇಶಗಳ ನೀತಿ ಕಾಲ ಸರಿದಂತೆ ಹೇಗೆ ಬದಲಾಗುತ್ತದೆ, ನಿರಾಶ್ರಿತರು ಅಲ್ಲಿನ ಸಮಾಜಕ್ಕೆ ಸೇರಿದವರಾಗುವುದು ಹೇಗೆ ಎಂದು ನೀವು ಕೇಳಿದ್ದೀರಿ. ನಾನು ಪಿರಿಯಾಪಟ್ಟಣ ತಾಲ್ಲೂಕಿನವನು. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವನಾದ್ದರಿಂದ ಅಲ್ಲಿಂದಲೇ ಉತ್ತರಿಸುತ್ತೇನೆ.

1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನನ್ನೂ ಮಾಡಿಲ್ಲ. ಹಾಗಿದ್ದರೂ 1959ರಲ್ಲಿ ದಲೈ ಲಾಮಾ ಅವರ ಹಿಂದೆ ಬಂದವರಿಗೆ ನೆಲೆ ಒದಗಿಸುವಂತೆ ಕೇಂದ್ರ ಸರ್ಕಾರ ಕೇಳಿದಾಗ, ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತು. ಆನೆಗಳು ಓಡಾಡುವ ಕಾಡನ್ನು ಕಡಿದು, ಗೊತ್ತೇ ಇಲ್ಲದ ಸೆಕೆಯಲ್ಲಿ ಮುಸುಕಿನ ಜೋಳ ಬೆಳೆಯಲು ಕಲಿತ ಆ ಮೊದಲ ತಲೆಮಾರಿನ ದುಡಿಮೆಯನ್ನು ನಮ್ಮೂರಿನ ಹಿರಿಯರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಮುಂದೆ ಮುಂಡಗೋಡ, ಹುಣಸೂರು ಮತ್ತು ಕೊಳ್ಳೇಗಾಲದ ಕಡೆಗಳಲ್ಲೂ ಇಂತಹ ನೆಲೆಗಳಾದವು. ಕೈಗೆ ಬರಿಯ ಪಡಿತರವನ್ನು ಕೊಡದೆ ಜಮೀನು ಮತ್ತು ಸಹಕಾರ ಸಂಘಗಳನ್ನು ಕೊಟ್ಟದ್ದೇ ಆ ನೀತಿಯ ಅತಿ ದೊಡ್ಡ ಒಳ್ಳೆಯತನವೆಂದು ನಾನು ನಂಬಿದ್ದೇನೆ.

ಅದೇ ಹೊತ್ತಿಗೆ, ಟಿಬೆಟನ್ ಮಕ್ಕಳಿಗೆ ಪ್ರತ್ಯೇಕ ಶಾಲೆಗಳು ಬಂದವು. ಅವರ ಭಾಷೆಯೂ ಧರ್ಮವೂ ಉಳಿದದ್ದು ಅದರಿಂದಲೇ. ಆದರೆ ಅವರ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರದೇ ಹೋದದ್ದೂ ಅದರಿಂದಲೇ. ಒಡನಾಟ ಬೆಳೆದದ್ದು ಹೆಚ್ಚಾಗಿ ಸಂತೆಯಲ್ಲಿ, ಹೊಲದ ಕೂಲಿಯಲ್ಲಿ, ಅಂಗಡಿಯಲ್ಲಿ.

ನೆಲ ಸಿಕ್ಕಷ್ಟು ಬೇಗ ಕಾಗದ ಸಿಗಲಿಲ್ಲ. ಇಲ್ಲಿಯೇ ಹುಟ್ಟಿದವರು ಕೂಡ ಕಾನೂನಿನ ಕಣ್ಣಿಗೆ ವಿದೇಶಿಯರಾಗಿಯೇ ಉಳಿದು, ನೋಂದಣಿ ಪತ್ರವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕಾಯಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಪೌರತ್ವ ಕಾಯ್ದೆ ಹೇಳುತ್ತಿದ್ದರೂ, ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂಬುದನ್ನು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಅದೇ ವರ್ಷ ಬಂದ ಟಿಬೆಟನ್ ಪುನರ್ವಸತಿ ನೀತಿಯು ಜಮೀನಿಗೆ 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡುವಂತೆಯೂ, ಪಡಿತರ, ಉದ್ಯೋಗ ಖಾತರಿಯಂತಹ ಯೋಜನೆಗಳನ್ನು ಅವರಿಗೂ ವಿಸ್ತರಿಸುವಂತೆಯೂ ರಾಜ್ಯಗಳಿಗೆ ತಿಳಿಸಿತು. ನೀತಿ ಬದಲಾಗುವುದು ಸರ್ಕಾರದ ಮನಸ್ಸು ಬದಲಾದಾಗ ಮಾತ್ರವಲ್ಲ. ಒಬ್ಬ ವ್ಯಕ್ತಿ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗಲೂ ಹೌದು.

ಬೇರೆ ದೇಶಗಳು ಈ ಕಾಗದವನ್ನು ಮೊದಲೇ ಕೊಟ್ಟದ್ದುಂಟು. ಉಗಾಂಡಾದ 2006ರ ಕಾಯ್ದೆ ನಿರಾಶ್ರಿತರಿಗೆ ದುಡಿಯುವ ಮತ್ತು ಓಡಾಡುವ ಹಕ್ಕನ್ನು ಒಪ್ಪಿಕೊಂಡಿತು. ವೆನೆಜುವೆಲಾದಿಂದ ಬಂದವರಿಗೆ ಕೊಲಂಬಿಯಾ 2021ರಲ್ಲಿ 10 ವರ್ಷಗಳ ವಾಸದ ಮಾನ್ಯತೆಯನ್ನು ಘೋಷಿಸಿತು.

ನಮ್ಮಲ್ಲಿ ಒಂದು ಗಂಟು ಇನ್ನೂ ನನ್ನನ್ನು ಕಾಡುತ್ತದೆ. 2017ರಲ್ಲಿ ಅರ್ಹ ಟಿಬೆಟನ್ನರಿಗೆ ಪಾಸ್‌ಪೋರ್ಟ್ ಕೊಡಲು ಕೇಂದ್ರ ಒಪ್ಪಿದಾಗ, ನೋಂದಣಿ ಪತ್ರವನ್ನು ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸವಿರಬಾರದು ಎಂಬ ಷರತ್ತುಗಳನ್ನೂ ಮುಂದಿಟ್ಟಿತು. 1985ರಲ್ಲಿ ಇಲ್ಲಿಯೇ ಹುಟ್ಟಿದ ನನ್ನ ಕಾಲೇಜು ಗೆಳೆಯನೊಬ್ಬ ಆಗ ಅರ್ಜಿಯ ನಮೂನೆಯನ್ನು ತಂದು ನನ್ನೊಡನೆ ಕೂತು ಅರ್ಧ ತುಂಬಿಸಿದ. ವಯಸ್ಸಾದ ತಾಯಿಯನ್ನೂ ಅಪ್ಪ ಕಟ್ಟಿಸಿದ ಮನೆಯನ್ನೂ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಕೇಳಿ, ಅದನ್ನು ಮಡಚಿ ಜೇಬಿಗಿಟ್ಟುಕೊಂಡ.