ಹಾಳೆಯ ಹಿಂದೆ ಒಂದು ಸಾಲು

(ಈ ಬರಹದಲ್ಲಿ ಬರುವವರ ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಇವರಿಗೆ 43 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಚಿತ್ರ ಬಿಡಿಸುವ ವಿಷಯ ಬಾಯಿಗೆ ಬಂದಿದ್ದು ಎರಡನೇ ಭೇಟಿಯಲ್ಲಿ, ಅದೂ ಎದ್ದು ಹೊರಡುವಾಗ. ಮುಖ್ಯವಾದ ಮಾತು ಬಾಗಿಲ ಹತ್ತಿರ ಬರುವುದು ಮನಸ್ಸಿನ ಕಷ್ಟ ಕೇಳುವ ನಮ್ಮ ಕಸುಬಿನಲ್ಲಿ ಮಾಮೂಲು.

"ಖುಷಿಗೆ ಅಂತ ಜಲವರ್ಣ ಕಲಿಯೋಕೆ ಸೇರಿದ್ದೆ ಮೇಡಂ. ಬ್ರಷ್ ಮುಟ್ಟಿ ಎರಡು ತಿಂಗಳಾಯ್ತು. ನನ್ನ ಜೊತೆ ಸೇರಿದ ಹುಡುಗಿ ಎಷ್ಟು ಚೆನ್ನಾಗಿ ಮಾಡ್ತಾಳೆ ಗೊತ್ತಾ? ನನ್ನದು ನೋಡಿದ್ರೆ ನಾಚಿಕೆ."

ರಾತ್ರಿ ಹಾಸಿಗೆಯಲ್ಲಿ ಫೋನ್ ಹಿಡಿದು ಬೇರೆಯವರು ಚಿತ್ರ ಬಿಡಿಸುವುದನ್ನು ನೋಡುತ್ತಿದ್ದರಂತೆ. ಮೂರು ಗಂಟೆಯ ಕೆಲಸ ಅಲ್ಲಿ ನಲವತ್ತು ಸೆಕೆಂಡಿನಲ್ಲಿ ಮುಗಿದಿರುತ್ತದೆ. ಹರಿದು ಬಿಸಾಡಿದ ಹಾಳೆ ಕಾಣುವುದಿಲ್ಲ. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ ಎಂದೆ. ನಿದ್ದೆ ಎಷ್ಟೋ ಸುಧಾರಿಸಿತು. ಬ್ರಷ್ ಮಾತ್ರ ಡಬ್ಬಿಯಲ್ಲೇ ಇತ್ತು.

"ಹೋಲಿಸಿಕೊಳ್ಳಬೇಡಿ" ಎಂದು ನಾನು ಹೇಳಲಿಲ್ಲ. ಹೇಳಿದರೆ ನಿಲ್ಲುವಂಥದ್ದಲ್ಲ ಅದು. ಸರಿಯಾದ ಅಳತೆ ಸಿಗದ ಕಡೆ ಜನ ಪಕ್ಕದವರನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಲಿಯೊನ್ ಫೆಸ್ಟಿಂಗರ್ 1954ರಲ್ಲೇ ಬರೆದರು. ಓಟಕ್ಕೆ ಗಡಿಯಾರ ಇದೆ. ಬಣ್ಣದಲ್ಲಿ ಬಿಡಿಸಿದ ಎಲೆಗೆ ಏನಿದೆ?

ಖುಷಿ ಯಾವಾಗ ಹೋಯಿತು ಎಂದು ಕೇಳಿದೆ. ತುಂಬಾ ಹೊತ್ತು ಯೋಚಿಸಿದರು. ತರಗತಿಯಲ್ಲಿ 'ವಾರದ ಚಿತ್ರ' ಆರಿಸಿ ಗೋಡೆಗೆ ಹಚ್ಚಲು ಶುರು ಮಾಡಿದ್ದರು. ಮೊದಲ ವಾರ ಇವರದೇ! ಆಮೇಲೆ ಪ್ರತಿ ವಾರ ಗೋಡೆಗಾಗಿಯೇ ಬಿಡಿಸಿದರು. ಅಸೂಯೆಗಿಂತ ಮೊದಲು ಬಂದಿದ್ದು ಬಹುಮಾನ, ನೋಡಿ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಿಡಿಸಿದರೆ ಪ್ರಶಸ್ತಿಪತ್ರ ಎಂದು ಮೊದಲೇ ಹೇಳಿದ್ದರು. ವಾರಗಳ ನಂತರ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಇದನ್ನು ಕೇಳಿ ಅವರು ನಕ್ಕರು. "ಹಾಗಾದ್ರೆ ನಾನೂ ನರ್ಸರಿ ಮಗುನೇ."

ನನ್ನ ಮೊದಲ ಸಲಹೆ ಕೈಕೊಟ್ಟಿತು. ನಿಮ್ಮ ಹಳೆಯ ಚಿತ್ರಕ್ಕೇ ಹೋಲಿಸಿಕೊಳ್ಳಿ ಎಂದಿದ್ದೆ. ಎಲ್ಲರೂ ಹೇಳುವ ಮಾತು. ಮತ್ತೆ ಬ್ರಷ್ ಹಿಡಿದು ಕೆಲವು ವಾರ ಬಿಡಿಸಿ, ಮೂರು ವಾರದ ಹಿಂದಿನದೇ ಚೆನ್ನಾಗಿತ್ತು ಎಂದು ಇನ್ನಷ್ಟು ಕುಗ್ಗಿ ಬಂದರು. ಕಲಿಕೆ ಮೆಟ್ಟಿಲಿನ ಹಾಗೆ ಏರುವುದಿಲ್ಲ, ಅಲ್ವಾ? ನಾನು ಇನ್ನೊಂದು ಪರೀಕ್ಷೆ ಇಟ್ಟಿದ್ದೆ, ಅಷ್ಟೇ.

ಆಮೇಲೆ ಬೇರೆ ದಾರಿ ಹಿಡಿದೆವು. ಆರು ವಾರ ಯಾರಿಗೂ ತೋರಿಸುವಂತಿಲ್ಲ, ನನಗೂ. ಮನೆಯ ಒಂದೇ ವಸ್ತು, ಇಪ್ಪತ್ತು ನಿಮಿಷ. ಮುಗಿದ ಮೇಲೆ ಹಾಳೆಯ ಹಿಂದೆ ಒಂದು ಸಾಲು: ಇವತ್ತು ಹೊಸದಾಗಿ ಏನು ಕಂಡಿತು? ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಪದಗಳು ಬರಕೂಡದು. ಅವರು ಸ್ಟೀಲ್ ಚಮಚ ಆರಿಸಿಕೊಂಡರು. ಮೊದಲೆರಡು ವಾರ ಸಾಲುಗಳು ಒಣಒಣ. ಮೂರನೇ ವಾರದ್ದನ್ನು ನನಗೆ ಓದಿ ಹೇಳಿದರು: "ಚಮಚದ ಗುಂಡಿಯಲ್ಲಿ ಕಿಟಕಿ ತಲೆಕೆಳಗಾಗಿದೆ. ನೀಲಿ ಆಕಾಶದ್ದು ಅಂದುಕೊಂಡಿದ್ದೆ, ನನ್ನ ಅಂಗಿಯದು." ಇನ್ನೊಂದು ವಾರ ಅರ್ಧ ಒಣಗಿದ ಬಣ್ಣಕ್ಕೆ ನೀರು ತಾಗಿ ಅಂಚು ಹೂಕೋಸಿನ ಹಾಗೆ ಅರಳಿತ್ತಂತೆ. ಮೊದಲಾಗಿದ್ದರೆ ಹಾಳೆ ಹರಿದು ಹಾಕುತ್ತಿದ್ದರು. ಈ ಸಲ ಅದು ಹೇಗಾಯಿತು ಅಂತ ಬರೆದಿಟ್ಟಿದ್ದರು.

ಕೊನೆಯ ಭೇಟಿಯಲ್ಲಿ ಕೇಳಿದೆ, ಆ ಹುಡುಗಿಯ ಮೇಲೆ ಈಗಲೂ ಹೊಟ್ಟೆಕಿಚ್ಚು ಇದೆಯಾ?

"ಇದೆ ಮೇಡಂ. ಆದ್ರೆ ಹೋದ ವಾರ ಅವಳನ್ನೇ ಕೇಳಿದೆ, ಬಣ್ಣ ಹಚ್ಚದೆ ಬಿಡೋ ಬಿಳಿ ಜಾಗ ಅಷ್ಟು ಚೊಕ್ಕಟವಾಗಿ ಹೇಗೆ ಉಳಿಸ್ತೀಯಾ ಅಂತ. ಮರೆತುಹೋಗುತ್ತೆ ಅಂತ ಮೊದಲೇ ಪೆನ್ಸಿಲಲ್ಲಿ ಗುರುತು ಹಾಕ್ಕೋತಾಳಂತೆ. ಆದ್ರೂ ಅರ್ಧ ಸಲ ಮೇಲೆ ಬಣ್ಣ ಹಚ್ಚಿಬಿಡ್ತಾಳಂತೆ."