ಫೋಟೋಗ್ರಾಫರ್ ಆಗೋಕೆ ಆರ್ಟ್ ಸ್ಕೂಲ್ ಬೇಕಾ?

ಪ್ರಶ್ನೆ: ಆರ್ಟ್ ಸ್ಕೂಲ್‌ಗೆ ಸೇರ್ಲಾ, ಇಲ್ಲ ಅದೇ ದುಡ್ಡಲ್ಲಿ ಒಳ್ಳೆ ಕ್ಯಾಮೆರಾ ತಗೊಂಡು ನಾನೇ ಕಲೀಲಾ ಸರ್?

ಉತ್ತರ: ಅಪರ್ಚರ್ (ಲೆನ್ಸ್ ಎಷ್ಟು ತೆರೆದಿರುತ್ತೆ ಅನ್ನೋದು), ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತೆ ಅನ್ನೋದು) ಕಲಿಯೋಕೆ ಅಷ್ಟೇ ಆದ್ರೆ ಸ್ಕೂಲ್ ಬೇಡ, ದಿನಾ ಕ್ಯಾಮೆರಾ ಹಿಡಿದ್ರೆ ಅದು ತಾನಾಗೇ ಕೈಗೆ ಕೂತ್ಕೊಳ್ಳುತ್ತೆ. ಸ್ಕೂಲಲ್ಲಿ ಸಿಗೋದು ಬೇರೆ. ನಾನು ಓದ್ತಿದ್ದಾಗ ಇಪ್ಪತ್ತು ಪ್ರಿಂಟ್ ಗೋಡೆಗೆ ಅಂಟಿಸಿದ್ದೆ, ಮೇಡಂ ಏನೂ ಮಾತಾಡ್ದೆ ಒಂದೊಂದೇ ತೆಗೆದು ಮೂರು ಮಾತ್ರ ಉಳಿಸಿ, 'ಈ ಮೂರರಲ್ಲೂ ಬೆಳಕು ಪಕ್ಕದಿಂದ ಬಂದಿದೆ, ಗಮನಿಸಿದ್ಯಾ?' ಅಂದ್ರು. ತೆಗೆದವನು ನಾನೇ, ಆದ್ರೂ ಗಮನಿಸಿರ್ಲಿಲ್ಲ! ಆ ಕಣ್ಣು ಒಬ್ರೇ ಕೂತು ಬೆಳೆಸ್ಕೊಳ್ಳೋದು ನಿಜಕ್ಕೂ ಕಷ್ಟ.

ಜರ್ಮನಿಯ ಹೆಸರಾಂತ ಫೋಟೋಗ್ರಾಫರ್‌ಗಳಾದ ಆಂಡ್ರಿಯಾಸ್ ಗುರ್ಸ್ಕಿ, ಥಾಮಸ್ ಸ್ಟ್ರೂತ್ ಇಬ್ರೂ ಅಲ್ಲಿನ ಡ್ಯೂಸೆಲ್ಡಾರ್ಫ್ ಆರ್ಟ್ ಅಕಾಡೆಮಿಲಿ ಕಲಿತವ್ರು, ಆದ್ರೆ ಅಮೆರಿಕದ ಫೋಟೋಗ್ರಾಫರ್ ಗಾರ್ಡನ್ ಪಾರ್ಕ್ಸ್ ಗಿರವಿ ಅಂಗಡಿಲಿ ಕ್ಯಾಮೆರಾ ತಗೊಂಡು ತಾವೇ ಕಲಿತು 1948ರಲ್ಲಿ 'ಲೈಫ್' ಪತ್ರಿಕೆ ಸೇರಿದ್ರು. ಮದುವೆ, ಪ್ರಾಡಕ್ಟ್ ಫೋಟೋ ಕೆಲಸಕ್ಕೆ ಯಾರೂ ಡಿಗ್ರಿ ಕೇಳಲ್ಲ, ಪೋರ್ಟ್‌ಫೋಲಿಯೋ, ಅಂದ್ರೆ ನೀವು ತೆಗೆದಿರೋ ಒಳ್ಳೆ ಫೋಟೋಗಳ ಸಂಗ್ರಹ ನೋಡ್ತಾರೆ. ಮುಂದೆ ಕಾಲೇಜಲ್ಲಿ ಪಾಠ ಮಾಡೋ ಆಸೆ ಇದ್ರೆ ಡಿಗ್ರಿ ಬೇಕಾಗುತ್ತೆ. ದೊಡ್ಡ ಸಾಲ ಮಾಡಿ ಮಾತ್ರ ಸೇರ್ಬೇಡಿ ಅಂತೀನಿ, ಕಂತು ಕಟ್ಟೋ ಟೆನ್ಷನ್‌ನಲ್ಲಿ ಸಿಕ್ಕಿದ ಕೆಲಸಕ್ಕೆಲ್ಲ ಓಡ್ಬೇಕಾಗಿ ನಿಮ್ಮ ಸ್ವಂತ ಫೋಟೋ ತೆಗೆಯೋಕೆ ಟೈಮೇ ಉಳಿಯಲ್ಲ. ಸೇರೋ ಮುಂಚೆ ಅಲ್ಲಿನ ಮೇಷ್ಟ್ರುಗಳು ತೆಗೆದಿರೋ ಫೋಟೋಗಳನ್ನ ಒಂದ್ಸಲ ಕೂತು ನೋಡಿ.