ಕೊರಿಯಾದಲ್ಲಿ ಮನೆಗೆ ನೂಡಲ್ಸ್ ತರಿಸಿದರೆ ಬಟ್ಟಲು ವಾಪಸ್ ಕೊಡಬೇಕಾ?

ಹೋಟೆಲಿನ ಬಟ್ಟಲಲ್ಲೇ ನೂಡಲ್ಸ್ ತಂದುಕೊಟ್ಟು, ಆಮೇಲೆ ಬಂದು ಬಟ್ಟಲು ಒಯ್ಯುತ್ತಾರಂತೆ, ನಿಜವಾ ಅಂತ ಕೇಳಿದ್ದೀರಿ.

ನಿಜ. ಅದು ಗೊತ್ತಿಲ್ಲದೆ ನಾನು ಎರಡು ಬಟ್ಟಲನ್ನು ನಮ್ಮ ಅಡುಗೆಮನೆಗೇ ಸೇರಿಸಿಕೊಂಡಿದ್ದೆ!

ಕೊರಿಯಾದ ಸುವಾನ್ ಊರಲ್ಲಿ ಬಾಡಿಗೆ ಮನೆಗೆ ಹೋದ ದಿನ. ಸಾಮಾನು ಇಳಿಸಲು ಬಂದಿದ್ದ ಕೊರಿಯನ್ ಸಹೋದ್ಯೋಗಿ, ಮನೆ ಬದಲಿಸಿದ ದಿನ ಜಾಜಾಂಗ್‌ಮ್ಯೊನ್ ತಿನ್ನಲೇಬೇಕು ಅಂತ ಫೋನ್ ಮಾಡಿ ತರಿಸಿದ. ಹುದುಗಿಸಿದ ಸೋಯಾದ ಕಪ್ಪು ಗೊಜ್ಜು ಸುರಿದ ನೂಡಲ್ಸ್ ಅದು. ನಾವು ಹಾಲುಕ್ಕಿಸುವ ಹಾಗೆ ಶಾಸ್ತ್ರವೇನಲ್ಲ. ಪಾತ್ರೆಪಡಗವೆಲ್ಲ ಇನ್ನೂ ಡಬ್ಬದಲ್ಲಿರುವಾಗ ಒಂದು ಫೋನಿಗೆ ಬಾಗಿಲಿಗೆ ಬರುತ್ತಿದ್ದ ಊಟವೆಂದರೆ ಅದು, ರೂಢಿ ಉಳಿದುಕೊಂಡಿದೆ.

ಬಂದವನ ಕೈಯಲ್ಲಿ ತಗಡಿನ ಪೆಟ್ಟಿಗೆ. ಮುಂದಿನ ಮುಚ್ಚಳ ಮೇಲಕ್ಕೆ ಜಾರಿಸಿದರೆ ಒಳಗೆ ಅಡ್ಡ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದ ಬಟ್ಟಲುಗಳು. ಪೆಟ್ಟಿಗೆಗೆ ಚೊಲ್‌ಗಾಬಾಂಗ್, ಅಂದರೆ ಕಬ್ಬಿಣದ ಚೀಲ ಅಂತ ಹೆಸರು. ಹಿಡಿದು ತರುವವನಿಗೂ ಅದೇ ಅಡ್ಡಹೆಸರು.

ತಿಂದೆವು. ನಾನು ಬಟ್ಟಲು ತಿಕ್ಕಿ ತೊಳೆದು ಕಪಾಟಿನಲ್ಲಿಟ್ಟೆ. ಗಟ್ಟಿ ಮೆಲಮೈನ್, ಸಾರನ್ನಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಸಂಜೆ ಅವನೇ ಬಂದು ಬಾಗಿಲು ಬಡಿದ. ನನಗೆ ಕೊರಿಯನ್ ಬಾರದು. ಅವನು ಎರಡೂ ಕೈ ಜೋಡಿಸಿ ಬಟ್ಟಲಿನ ಆಕಾರ ತೋರಿಸಿದ ಮೇಲೆ ತಲೆಗೆ ಹೋಯಿತು.

ತಿಂದಾದ ಮೇಲೆ ಬಟ್ಟಲನ್ನು ಬಾಗಿಲ ಹೊರಗಿಟ್ಟರೆ ಸಾಕಂತೆ. ಅಂಗಡಿಯ ಹುಡುಗ ಮುಂದಿನ ಸುತ್ತಿಗೆ ಬಂದಾಗ ಒಯ್ಯುತ್ತಾನೆ. ಅವನು ಅಂಗಡಿಯ ಸಂಬಳದವನು, ಗಿರಾಕಿಗಳೆಲ್ಲ ಸುತ್ತಮುತ್ತಲಿನವರು, ಹಾಗಾಗಿ ನಡೆಯುತ್ತಿತ್ತು. ದೂರಕ್ಕೆ ಒಯ್ಯುವ ಹಾಗೂ ಇಲ್ಲ: ತಡವಾದರೆ ನೂಡಲ್ಸ್ ಉಬ್ಬಿ ಮುದ್ದೆಯಾಗುತ್ತದೆ. ಆ ಭಯವಿದ್ದರೆ ಗೊಜ್ಜು ಬೇರೆ ಕೊಡುವ ಗಾನ್‌ಜಾಜಾಂಗ್ ಹೇಳಿ.

ಈಗ ಫೋನಿನ ಆ್ಯಪ್‌ಗಳ ಕಾಲ. ಊಟ ತರಿಸುವ ಬೇದಲ್ ಮಿಂಜೊಕ್ ಎಂಬ ಆ್ಯಪ್ 2010ರಲ್ಲಿ ಶುರುವಾಯಿತು. ಆ್ಯಪಿನ ಸವಾರ ಯಾವ ಅಂಗಡಿಯವನೂ ಅಲ್ಲ, ಖಾಲಿ ಬಟ್ಟಲಿಗಾಗಿ ಅವನು ಯಾಕೆ ಮತ್ತೆ ಬರುತ್ತಾನೆ? ಹಾಗಾಗಿ ಬಿಸಾಡುವ ಪ್ಲಾಸ್ಟಿಕ್ ಡಬ್ಬಿಗಳೇ ಹೆಚ್ಚು. ಹಳೆಯ ಚೀನೀ ಹೋಟೆಲುಗಳಲ್ಲಿ ಮಾತ್ರ ಬಟ್ಟಲು ಇನ್ನೂ ಉಳಿದಿದೆ. ನನಗಂತೂ ಬಟ್ಟಲೇ ಇಷ್ಟ.

ಚೀನೀ ಹೋಟೆಲು ಅಂದೆ. 1883ರಲ್ಲಿ ಇಂಚನ್ ಬಂದರು ತೆರೆದ ಮೇಲೆ ಚೀನಾದ ಶಾಂಡಾಂಗ್ ಕಡೆಯಿಂದ ಬಂದವರು ತಂದ ತಿನಿಸು ಈ ಜಾಜಾಂಗ್‌ಮ್ಯೊನ್. ಕೊರಿಯನ್ ಯುದ್ಧದ ನಂತರ ಅಮೆರಿಕದ ನೆರವಿನ ಗೋಧಿ ಬಂತು. ಅಕ್ಕಿ ಉಳಿಸಲು ಸರ್ಕಾರವೂ 60-70ರ ದಶಕದಲ್ಲಿ ಹಿಟ್ಟಿನ ತಿಂಡಿ ತಿನ್ನಿ ಅಂತ ಜನರ ಬೆನ್ನುಹತ್ತಿತು. ಆದರೆ ತರಿಸಿಕೊಂಡು ತಿನ್ನುವ ಚಟ ಇದಕ್ಕಿಂತ ಹಳೆಯದು. 1768ರಲ್ಲಿ ಪರೀಕ್ಷೆ ಮುಗಿದ ಮರುದಿನ ಜೊತೆಗಾರರೊಂದಿಗೆ ನೆಂಗ್‌ಮ್ಯೊನ್ ಎಂಬ ತಣ್ಣನೆಯ ನೂಡಲ್ಸ್ ತರಿಸಿ ತಿಂದದ್ದನ್ನು ಹ್ವಾಂಗ್ ಯುನ್‌ಸೊಕ್ ಎಂಬ ವಿದ್ವಾಂಸರು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ನೀವು ಸಸ್ಯಾಹಾರಿಯಾದರೆ ಮೊದಲೇ ಹೇಳಿಬಿಡುತ್ತೇನೆ: ಆ ಕಪ್ಪು ಗೊಜ್ಜಿನಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ. ಕೆಂಪಗೆ ಖಾರವಾಗಿರುವ ಸಾರಿನ ನೂಡಲ್ಸ್ ಜಾಂಪೊಂಗ್ ಹೇಳಿದರೆ ಅದರಲ್ಲಿ ಸೀಗಡಿ, ಚಿಪ್ಪಿನ ಮಳಿ. ಜೊತೆಗೆ ಬರುವ ಹಸಿ ಈರುಳ್ಳಿ ಮತ್ತು ಹಳದಿ ಮೂಲಂಗಿ ಉಪ್ಪಿನಕಾಯಿ ನಿಮ್ಮ ಪಾಲಿಗೆ.